ಹಾಲೆಂಡಿಗೆ ಹೋದ ಕರೀಗೌಡನ ಊಂ

ಪಾಲಹಳ್ಳಿ, ಡೈರಿ ಜಗಲಿ

ನಾನು ಕಾದಂಬರಿ ಬರೆಯುವುದು ಮನೆಯಲ್ಲೇ. ಆದರೆ ಬರೆದದ್ದು ಕತೆಯಾಯಿತೋ ಇಲ್ಲವೋ ಅಂತ ತಿಳಿಯುವುದು ಮಾತ್ರ ಸಂಜೆ ಹೊತ್ತು, ಊರ ಹಾಲಿನ ಡೈರಿಯ ಜಗಲಿ ಮೇಲೆ, ಕರೀಗೌಡ ಊಂಗುಟ್ಟಿದಾಗ.

ಕರೀಗೌಡ ಡೈರಿಯಲ್ಲಿ ಹಾಲು ಅಳೆಯುವವನು, ನನ್ನ ಓರಗೆಯವನು. ನಾನು ಒಂದು ವಾಕ್ಯ ಓದುತ್ತೇನೆ, ಅವನು ಹಾಲು ಅಳೆಯುತ್ತಲೇ "ಊಂ" ಅನ್ನುತ್ತಾನೆ. ಅವನು ಊಂ ಅನ್ನಲಿಲ್ಲ ಅಂದರೆ ಆ ವಾಕ್ಯವನ್ನು ಹೊಡೆದುಹಾಕುತ್ತೇನೆ. ಇದು ನನ್ನನ್ನು ಸಾಕಿದ ಮದ್ಲೇನತ್ತೆ ಹಾಕಿಕೊಟ್ಟ ಕಟ್ಟಳೆ. ನಾವು ಚಿಕ್ಕವರಿದ್ದಾಗ ಅತ್ತೆ ಕತೆ ಹೇಳುವಾಗ ಒಬ್ಬರಾದರೂ ಊಂಗುಟ್ಟಬೇಕಿತ್ತು. ನಿದ್ದೆ ಬಂದು ನಿಲ್ಲಿಸಿದೆವೋ, ರಾಜಕುಮಾರಿ ಬಾವಿಯೊಳಗಿದ್ದರೂ ಸರಿ, ಅತ್ತೆ ಅಲ್ಲಿಗೇ ಬಿಟ್ಟು ಎದ್ದುಹೋಗುತ್ತಿದ್ದರು. ಬೆಳಿಗ್ಗೆ ಕಾಲಿಗೆ ಬಿದ್ದರೂ ಮುಂದಕ್ಕೆ ಹೇಳುತ್ತಿರಲಿಲ್ಲ.

ನಾವು ಪಾಲಹಳ್ಳಿಯ ಹಳೇ ಕ್ರೈಸ್ತರು. ನನ್ನ ಹೆಸರು ಇನ್ನಾಸಪ್ಪ. ಏಳುವುದು ಗುಡಿಯ, ಅಂದರೆ ನಮ್ಮ ಚರ್ಚಿನ, ಗಂಟೆಗೆ. ಮಾತು, ಮುದ್ದೆ, ಜಗಳ ಎಲ್ಲ ಊರಿನವರ ಹಾಗೇ. ನನ್ನ ಕಾದಂಬರಿಯ ಕತೆ ಅತ್ತೆಯ ತಾಯಿ ಲೂರ್ದಮ್ಮನದು. ಲೂರ್ದಮ್ಮ ಕ್ರಿಸ್ಮಸ್ಸಿನ ಗೋದಲಿಯಲ್ಲಿ ನಿಲ್ಲಿಸಲಿಕ್ಕೆ ತನ್ನ ಹಸು ಕೆಂಪಿಯನ್ನು ಗುಡಿಗೆ ಎರವಲು ಕೊಡುತ್ತಾಳೆ. ಕೆಂಪಿ ಬಾಲಯೇಸುವಿನ ಹಾಸಿಗೆಯ ಹುಲ್ಲನ್ನೆಲ್ಲ ಮೇಯ್ದು, ಬಲಿಪೂಜೆಯ ನಡುವೆ ಎದ್ದು ಎಲ್ಲಿಗೋ ಹೊರಟುಹೋಗುತ್ತದೆ. ಲೂರ್ದಮ್ಮ ಅದನ್ನು ಹುಡುಕುತ್ತಾ ಪಾಂಡವಪುರ, ಕಿಕ್ಕೇರಿ, ಕೆ.ಆರ್.ಪೇಟೆ ಎಲ್ಲ ಸುತ್ತಿ ಕೊನೆಗೆ ನಾಗಮಂಗಲದ ಸಂತೆಗೆ ಬರುತ್ತಾಳೆ. ಅಲ್ಲಿಂದ ಕೊನೆಯ ಅಧ್ಯಾಯ.

ಕೆ.ಆರ್.ಪೇಟೆಯ ಶಾಲೆಯಲ್ಲಿ ಮೇಡಂ ಆಗಿರುವ ನನ್ನ ಮಗಳು ಸಿಸಿಲಿ ಆ ಅಧ್ಯಾಯವನ್ನು ಇಂಗ್ಲಿಷಿಗೆ ಮಾಡಿ ಹಾಲೆಂಡಿಗೆ ಕಳಿಸಿಬಿಟ್ಟಿದ್ದಳು. ಅಲ್ಲಿ ಕ್ರೈಸ್ತ ಕಾದಂಬರಿಕಾರರದೇ ಒಂದು ಸಮ್ಮೇಳನವಂತೆ. ಬನ್ನಿ ಅಂತ ಕರೆ ಬಂತು. ಬಂದವರು ತಮ್ಮ ತಮ್ಮ ಭಾಷೆಯಲ್ಲಿ ಒಂದು ಅಧ್ಯಾಯ ಓದಬೇಕು. ಅದರಲ್ಲಿ ಒಂದು ಪುಸ್ತಕವನ್ನು ಆರಿಸಿ ಡಚ್ಚಿನಲ್ಲಿ ಅಚ್ಚು ಹಾಕುತ್ತಾರೆ.

ಹೊರಡುವ ದಿನ ಅತ್ತೆ ಹಣೆಗೆ ಶಿಲುಬೆ ಗುರುತು ಹಾಕಿ, "ಇನ್ನಾಸಿ, ಪುಸ್ತಕ ತಕ್ಕಳ್ಲಿ ಬುಡ್ಲಿ. ಕತೆ ಅರ್ಧಕ್ಕೆ ಬುಟ್ಟು ಬರ್ಬೇಡ. ನಮ್ಮವ್ವನ ಅಸಾ ಪರದೇಸದ ಸಂತೇಲಿ ನಿಂತ್ಕಬುಡ್ತದೆ" ಅಂದರು.

ಕರೀಗೌಡ ಬೇರೆಯೇ ಕೇಳಿದ. "ಅಲ್ಲಿ ಊಂ ಅನ್ನೋರು ಅವ್ರೇನ್ಲಾ?"

"ಬಂದಿರೋರೆಲ್ಲ ಕತೆ ಬರೆಯೋರು ಕಣೋ. ಊಂ ಅನ್ನದೆ ಇರ್ತಾರಾ?"

"ಕೇಳ್ಕಂಡು ಓಗು ಯಾವುದ್ಕೂ."

ನಾನು ಕೇಳಿಕೊಳ್ಳಲಿಲ್ಲ. ಸಮ್ಮೇಳನ ಅಂದರೆ ಸಮ್ಮೇಳನ ಅಂದುಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ ಒಂದು ಶಾಲು, ಒಂದು ಮೈಸೂರು ಪೇಟ ಕೊಂಡು ತಂದೆ.

ಸಮುದ್ರಕ್ಕಿಂತ ತಗ್ಗಿನ ಊರು

ಆ ಊರಿನಲ್ಲಿ ನೀರು ಮೇಲೆ, ಊರು ಕೆಳಗೆ. ರಸ್ತೆಯಲ್ಲಿ ನಿಂತು ತಲೆಯೆತ್ತಿದರೆ ಏರಿಯ ಮೇಲೆ ದೋಣಿ ಹೋಗುತ್ತಿರುತ್ತದೆ. ನಮ್ಮಲ್ಲಿ ನಾಲೆಯ ಏರಿ ಒಂದು ಚೂರು ಜಿನುಗಿದರೆ ಸಾಕು, ಊರೆಲ್ಲ ಗುದ್ದಲಿ ಹಿಡಿದು ಓಡುತ್ತದೆ. ಇವರು ಸಮುದ್ರವನ್ನೇ ತಲೆ ಮೇಲೆ ಇಟ್ಟುಕೊಂಡು ಕಿಟಕಿಯಲ್ಲಿ ಹೂವಿನ ಕುಂಡ ಜೋಡಿಸುತ್ತಾ ಕೂತಿದ್ದಾರೆ. ನಾಲೆಗಳೋ, ಗೆರೆ ಎಳೆದ ಹಾಗೆ ನೆಟ್ಟಗಿವೆ. ಬಟ್ಟೆ ಒಗೆಯುವ ಸದ್ದಿಲ್ಲ, ಮುಳುಗಿ ಕೂತ ಎಮ್ಮೆಯಿಲ್ಲ. ನೀರಿಗೆ ಯಾರೂ ಜೊತೆಯಿಲ್ಲ ಅನ್ನಿಸಿತು.

ನನ್ನನ್ನು ಕರೆದೊಯ್ಯಲು ಬಂದವರು ಹೆನ್ನಿ ಅನ್ನುವ ಹೆಂಗಸು. ನನಗಿಂತ ಒಂದು ಗೇಣು ಎತ್ತರ. ಸಮ್ಮೇಳನ ನಡೆಸುವವರೂ ಅವರೇ, ಪುಸ್ತಕ ಆರಿಸಿ ಅಚ್ಚು ಹಾಕುವವರೂ ಅವರೇ. ಬಂದದ್ದು ಸೈಕಲ್ಲಿನಲ್ಲಿ. ನನ್ನ ಸೂಟ್‌ಕೇಸನ್ನು ಕ್ಯಾರಿಯರಿಗೆ ಕಟ್ಟಿ, ನನಗೆ ಇನ್ನೊಂದು ಸೈಕಲ್ಲು ಕೊಟ್ಟರು. ಅದಕ್ಕೆ ಬ್ರೇಕು ಕೈಯಲ್ಲಿ ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿಯಬೇಕಂತೆ. ಇದು ನನಗೆ ತಿಳಿಯುವಷ್ಟರಲ್ಲಿ ಒಬ್ಬರ ಮನೆಯ ಬೇಲಿ ದಾಟಿ ಅವರ ತುಳಸಿಗಟ್ಟೆಯಂಥ ಒಂದು ಹೂವಿನ ದಿಬ್ಬದ ಮೇಲೆ ಕೂತಿದ್ದೆ. ಮನೆಯವರು ಹೊರಗೆ ಬಂದು ನನ್ನ ಕೈ ಕುಲುಕಿ, ತಮ್ಮ ಹೆಸರು ಹೇಳಿ, ಒಳಗೆ ಹೋದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಸಮ್ಮೇಳನದ ಬಾಗಿಲಲ್ಲಿ ಹೆನ್ನಿಯವರಿಗೆ ಶಾಲು ಹೊದಿಸಿ, ತುದಿಗಾಲಲ್ಲಿ ನಿಂತು, ಪೇಟ ತೊಡಿಸಿದೆ. ಅವರಿಗೆ ಸಂತೋಷವಾಯಿತು. "ಇದನ್ನು ಎಷ್ಟು ಹೊತ್ತು ಧರಿಸಿರಬೇಕು?" ಅಂತ ಇಂಗ್ಲಿಷಿನಲ್ಲಿ ಕೇಳಿದರು.

ನಮ್ಮಲ್ಲಿ ಫೋಟೋ ಹೊಡೆದ ಮೇಲೆ ಪೇಟ ತೆಗೆದು ಪಕ್ಕದ ಕುರ್ಚಿ ಮೇಲೆ ಇಡುತ್ತಾರೆ. ಹಾಗಂತ ಹೇಳುವುದಕ್ಕೆ ಬಾಯಿ ಬರಲಿಲ್ಲ. ಮರ್ಯಾದೆಗೆ, "ಸಮ್ಮೇಳನ ಮುಗಿಯೋ ತನಕ ಇದ್ದರೆ ಶೋಭೆ" ಅಂದೆ.

ಆ ಜನ ಒಂದು ಮಾತು ಹೇಳಿದರೆ ಅಷ್ಟೇ ಕೇಳುತ್ತಾರೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಮೂರು ದಿನವೂ ಹೆನ್ನಿಯವರು ಮೈಸೂರು ಪೇಟದಲ್ಲೇ ಇದ್ದರು. ಬೆಳಿಗ್ಗೆ ನಾಲೆ ಏರಿಯ ಮೇಲೆ ಗಾಳಿಗೆ ಎದುರಾಗಿ ಸೈಕಲ್ ತುಳಿಯುತ್ತಾ, ಒಂದು ಕೈಯಲ್ಲಿ ಪೇಟ ಹಿಡಿದುಕೊಂಡು ಅವರು ಬರುತ್ತಿದ್ದರೆ, ದಿವಾನರೊಬ್ಬರು ದಾರಿ ತಪ್ಪಿ ಬಂದ ಹಾಗೆ ಕಾಣುತ್ತಿತ್ತು. ಊರಿನವರು ಯಾರೂ ಏನೂ ಕೇಳಲಿಲ್ಲ. ಕೇಳದಿರುವುದೇ ಅಲ್ಲಿಯ ಮರ್ಯಾದೆ.

ಮೊದಲ ದಿನ: ಮುತ್ತು ಯಾವ ಪುಟದಲ್ಲಿ

ಕಾಫಿ ಕೊಟ್ಟರು. ಜೊತೆಗೆ ಬಿಸ್ಕತ್ತಿನ ಡಬ್ಬಿ ತೆರೆದು ಮುಂದೆ ಹಿಡಿದರು. ಒಂದು ತೆಗೆದುಕೊಂಡೆ. ಡಬ್ಬಿ ಮುಚ್ಚಿತು. ನಾನು ನಮ್ಮ ರೂಢಿಯಂತೆ "ಸಾಕು, ಸಾಕು" ಅನ್ನುವುದಕ್ಕೆ ಬಾಯಿ ತೆರೆದು ಕಾದಿದ್ದೆ. ಒತ್ತಾಯ ಮಾಡುವವರು ಯಾರೂ ಬರಲಿಲ್ಲ. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡೆ.

ಆಮೇಲೆ ಕ್ರೈಸ್ತ ಕಾದಂಬರಿ ಹೇಗಿರಬೇಕು ಅನ್ನುವ ಪಾಠ. ಕುಡಿತ ಇರಕೂಡದು. ಮುತ್ತು ಇರಬಹುದು, ಕೊನೆಯ ಪುಟದಲ್ಲಿ, ಪಾದ್ರಿ ಒಪ್ಪಿದ ಮೇಲೆ. ನನ್ನ ಪಕ್ಕದಲ್ಲಿ ಕೂತಿದ್ದವರು ಗ್ರೀಟ ಅನ್ನುವ ಅಜ್ಜಿ. ಜೀವಮಾನವೆಲ್ಲ ಪಾದ್ರಿಗಳ ಪ್ರೇಮಕತೆ ಬರೆದವರು. "ನಿಮ್ಮದರಲ್ಲಿ ಮುತ್ತು ಯಾವ ಪುಟದಲ್ಲಿ?" ಅಂತ ಕೇಳಿದರು.

"ನಮ್ಮದರಲ್ಲಿ ಹಸು ಒಂದು ಸಲ ಮೂಗು ನೆಕ್ಕುತ್ತದೆ" ಅಂದೆ.

ಅವರು ಯೋಚಿಸಿ, "ಅದು ನಡೆಯುತ್ತದೆ" ಅಂದರು.

ನಡೆಯದೇ ಇದ್ದದ್ದು ಬೈಗುಳ. ಲೂರ್ದಮ್ಮ ಹಸುವನ್ನು ಹುಡುಕುವ ದಾರಿಯುದ್ದಕ್ಕೂ "ನಿನ್ ಮನೆ ಆಳಾಗ" ಅನ್ನುತ್ತಾಳೆ. ಸಿಸಿಲಿ ಅದನ್ನು ಇಂಗ್ಲಿಷಿನಲ್ಲಿ ಹಾಗೇ ಇಳಿಸಿದ್ದಳು. ನಾನು ಕನ್ನಡದಲ್ಲಿ ಓದುವಾಗ ಹೆನ್ನಿಯವರು ಒಂದು ಗುಂಡಿ ಒತ್ತುತ್ತಾ ಹೋದಂತೆ, ಆ ಇಂಗ್ಲಿಷಿನಿಂದ ಅವರು ಮಾಡಿಕೊಂಡಿದ್ದ ಡಚ್ಚಿನ ಒಂದೊಂದೇ ವಾಕ್ಯ ನನ್ನ ಹಿಂದಿನ ಗೋಡೆ ಮೇಲೆ ಮೂಡುವ ಏರ್ಪಾಡಿತ್ತು. ಗೋಡೆಯ ಮೇಲೆ ಶಾಪ ಬರುವಂತಿಲ್ಲ ಅಂದರು.

"ಇದು ಶಾಪವಲ್ಲ. ಹಸು ಇರುವುದೇ ಅವಳ ಮನೆಯಲ್ಲಿ. ಮನೆ ಹಾಳಾದರೆ ಅವಳದೇ ಹಾಳಾಗುವುದು" ಅಂದೆ.

"ಹಾಗಾದರೆ ಅವಳು ತನಗೇ ಶಾಪ ಹಾಕಿಕೊಳ್ಳುತ್ತಿದ್ದಾಳೆ."

"ಇಲ್ಲ, ಪ್ರೀತಿಯಿಂದ ಕರೆಯುತ್ತಿದ್ದಾಳೆ."

ಇದರ ಮೇಲೆ ಚರ್ಚೆಯಾಯಿತು. ಪೇಟ ತೊಟ್ಟ ಹೆನ್ನಿಯವರು ಕೊನೆಗೆ ಎಲ್ಲರ ಒಪ್ಪಿಗೆ ಪಡೆದು, ಆ ಮಾತು ಬಂದ ಕಡೆಯಲ್ಲೆಲ್ಲ ಗೋಡೆಯ ಮೇಲೆ "ಪ್ರಿಯ ಹಸುವೇ, ನನಗೆ ಬೇಸರವಾಗಿದೆ" ಅಂತ ಬರುವ ಹಾಗೆ ಮಾಡಿದರು.

ಎರಡನೇ ದಿನ: ಪೆಪ್ಪರ್‌ಮಿಂಟು

ಓದು ಶುರುವಾಯಿತು. ಗ್ರೀಟಜ್ಜಿ ವೇದಿಕೆ ಹತ್ತಿದ ಕೂಡಲೇ ಸಾಲಿನ ಆ ತುದಿಯಿಂದ ಈ ತುದಿಗೆ ಒಂದು ಪೆಪ್ಪರ್‌ಮಿಂಟಿನ ಸುರುಳಿ ಕೈಯಿಂದ ಕೈಗೆ ಬಂತು. ಅವರ ಗುಡಿಗಳಲ್ಲಿ ಪಾದ್ರಿಯ ಪ್ರಸಂಗ, ಅಂದರೆ ಬೋಧನೆ, ಶುರುವಾಗುವಾಗ ಹೀಗೆ ಒಂದೊಂದು ಬಾಯಿಗೆ ಹಾಕಿಕೊಳ್ಳುತ್ತಾರಂತೆ. ಪ್ರಸಂಗ ಮುಗಿಯುವ ತನಕ ಅದು ಕರಗುತ್ತಿರಬೇಕು. ನಾನು ಕಡಿದೆ. ಆ ನಿಶ್ಶಬ್ದದಲ್ಲಿ ಅದು ಗಾಣಕ್ಕೆ ಕಲ್ಲು ಸಿಕ್ಕಿದ ಹಾಗೆ ಕೇಳಿಸಿತು.

ಗ್ರೀಟಜ್ಜಿ ಡಚ್ಚಿನವರಾದರೂ ಹೊರಗಿನಿಂದ ಬಂದವರಿಗೆ ತಿಳಿಯಲಿ ಅಂತ ಇಂಗ್ಲಿಷಿನಲ್ಲಿ ಓದಿದರು. ಒಬ್ಬ ಪಾದ್ರಿ ಮಳೆಯಲ್ಲಿ ಹೂವಿನಂಗಡಿಗೆ ಬರುತ್ತಾನೆ. ಅಂಗಡಿಯವಳು ವಿಧವೆ. ಮೊದಲ ವಾಕ್ಯ ಮುಗಿಯಿತು. ಯಾರೂ ಊಂ ಅನ್ನಲಿಲ್ಲ. ಪಾಪ, ವಯಸ್ಸಾದವರು, ಬಾಯಿ ಒಣಗಿಸಿಕೊಂಡು ಓದುತ್ತಿದ್ದಾರೆ, ಕೇಳುವವರಿಲ್ಲ. ನಾನು ಗಟ್ಟಿಯಾಗಿ "ಊಂ" ಅಂದೆ.

ಅವರು ತಲೆಯೆತ್ತಿ ನೋಡಿ, ಮುಂದೆ ಓದಿದರು.

"ಊಂ."

ನಿಲ್ಲಿಸಿದರು. "ನಿಮಗೆ ಎಲ್ಲಾದರೂ ನೋವಾಗುತ್ತಿದೆಯೇ?"

"ಇಲ್ಲ ಅಜ್ಜಿ, ನೀವು ಮುಂದಕ್ಕೆ ಹೋಗಿ. ನಾನಿದ್ದೀನಿ."

ಮತ್ತೆ ಎರಡು ವಾಕ್ಯ, ಮತ್ತೆರಡು ಊಂ. ಹೆನ್ನಿಯವರು ಪೇಟ ಸರಿಮಾಡಿಕೊಂಡು ಬಂದು ನನಗೆ ನೀರು ಕೊಟ್ಟರು. ಮುಂದಿನ ಊಂಗೆ ಹೊಟ್ಟೆಯ ಮಾತ್ರೆ ಬಂತು. ಅದರ ಮುಂದಿನ ಊಂಗೆ ನನ್ನ ತೋಳು ಹಿಡಿದು ಕೊನೆಯ ಸಾಲಿಗೆ ಕರೆದೊಯ್ದು, ತೆರೆದ ಕಿಟಕಿಯ ಪಕ್ಕ, ಗಾಳಿ ಬರುವ ಕಡೆ ಕೂರಿಸಿದರು.

ಊಟದ ಹೊತ್ತಿಗೆ ಗ್ರೀಟಜ್ಜಿಯ ಹತ್ತಿರ ಹೋಗಿ ಎಲ್ಲ ಬಿಡಿಸಿ ಹೇಳಿದೆ. ನಮ್ಮ ಕಡೆ ಹೀಗೆ, ಊಂ ಅನ್ನುವವರಿಲ್ಲದೆ ಕತೆ ಮುಂದಕ್ಕೆ ಹೋಗುವುದಿಲ್ಲ, ನಿಮ್ಮ ಕತೆಗೆ ಅವಮಾನ ಆಗಬಾರದು ಅಂತ ಅಂದೆ.

ಅವರು ಆಲೂಗಡ್ಡೆ ಕತ್ತರಿಸುತ್ತಾ ಕೇಳಿಸಿಕೊಂಡರು. "ನಮ್ಮಲ್ಲಿ ಸದ್ದು ಮಾಡದೆ ಕೇಳುವುದೇ ಗೌರವ" ಅಂದರು. ಇನ್ನೊಂದು ಆಲೂಗಡ್ಡೆ ಎಳೆದುಕೊಂಡು, "ನನ್ನ ಗಂಡ ಹಸುವಿನ ಹಾಲು ಕರೆಯುತ್ತಾ ಕೂತಿದ್ದಾಗ ನಾನು ಹಿಂದೆ ನಿಂತು ಏನೇನೋ ಹೇಳುತ್ತಿದ್ದೆ. ಅವನು ನಿಮ್ಮ ಹಾಗೇ ಅನ್ನುತ್ತಿದ್ದ. ನಾನು ಹೇಳಿದ್ದು ಕೇಳಿಸುತ್ತಿಲ್ಲ ಅಂತ ಜಗಳ ಮಾಡುತ್ತಿದ್ದೆ" ಅಂದರು. ಗಂಡ ಈಗ ಇಲ್ಲ ಅಂತ ಅವರು ಹೇಳಲಿಲ್ಲ. ನನಗೆ ತಿಳಿಯಿತು.

ಆ ಸಂಜೆ ರೂಮಿನ ಗೋಡೆಗೆ ನನ್ನ ಅಧ್ಯಾಯ ಓದಿ ನೋಡಿದೆ. ಮೂರನೇ ವಾಕ್ಯಕ್ಕೆ ನಿಂತುಹೋದೆ. ಬಾಯಿಪಾಠ ಇದ್ದ ಕತೆ, ಬಾಯಿಗೇ ಬರಲಿಲ್ಲ. ಕರೀಗೌಡ ಹೇಳಿದ್ದು ಆಗ ಅರ್ಥವಾಯಿತು.

ಮೂರನೇ ದಿನ: ನಾಗಮಂಗಲದ ಸಂತೆ

ನನ್ನ ಸರದಿ ಮಧ್ಯಾಹ್ನದ ಊಟವಾದ ಮೇಲೆ. ಹೆನ್ನಿಯವರು ಪೇಟ ತೊಟ್ಟು ಗುಂಡಿಯ ಮುಂದೆ ಕೂತರು. ಪೆಪ್ಪರ್‌ಮಿಂಟು ಸಾಲು ಸಾಲು ದಾಟಿತು. ಎಲ್ಲರ ಕೆನ್ನೆಯಲ್ಲೂ ಒಂದೊಂದು ಗುಬುಟು.

ಮೊದಲ ವಾಕ್ಯ ಓದಿದೆ. ಲೂರ್ದಮ್ಮ ಸಂತೆಗೆ ಕಾಲಿಟ್ಟಳು. ಗೋಡೆಯ ಮೇಲೆ ಡಚ್ಚು ಮೂಡಿತು. ಸದ್ದಿಲ್ಲ. ಎರಡನೇ ವಾಕ್ಯ. ಸದ್ದಿಲ್ಲ. "ನಿನ್ ಮನೆ ಆಳಾಗ, ಕೆಂಪೀ, ಎಲ್ಲವ್ವ ಇದ್ದೀ." ಗೋಡೆ ಮೇಲೆ "ಪ್ರಿಯ ಹಸುವೇ, ನನಗೆ ಬೇಸರವಾಗಿದೆ." ಯಾರ ಮುಖವೂ ಅಲುಗಲಿಲ್ಲ. ನಾಲ್ಕನೇ ವಾಕ್ಯ ಬಾಯಿಗೆ ಬರಲಿಲ್ಲ.

ನಿಂತೆ. ಅವರು ಕಾದರು. ನಾನೂ ಕಾದೆ. ಮೊದಲ ಸಾಲಿನವರೊಬ್ಬರು ಇದು ಮೌನ ಪ್ರಾರ್ಥನೆ ಅಂದುಕೊಂಡು ತಲೆ ಬಾಗಿಸಿದರು. ಅವರನ್ನು ನೋಡಿ ಹಿಂದಿನವರು ಬಾಗಿಸಿದರು. ಒಂದು ಗಳಿಗೆಯಲ್ಲಿ ಇಡೀ ಸಭೆ ಕಣ್ಣುಮುಚ್ಚಿ ಪ್ರಾರ್ಥನೆಯಲ್ಲಿತ್ತು. ಹೀಗೇ ಬಿಟ್ಟರೆ ಇವರು ಆಮೆನ್ ಅಂದು ಎದ್ದುಹೋಗುತ್ತಾರೆ, ಲೂರ್ದಮ್ಮ ಸಂತೆಯಲ್ಲೇ ಉಳಿಯುತ್ತಾಳೆ. ಅತ್ತೆಯ ಮುಖ ಕಣ್ಣಮುಂದೆ ಬಂತು. ಪಾಲಹಳ್ಳಿಯಲ್ಲಿ ಈಗ ಸಂಜೆ, ಹಾಲಿನ ಹೊತ್ತು. ಫೋನು ತೆಗೆದು ಕರೀಗೌಡನಿಗೆ ಹಚ್ಚಿ, ಸ್ಪೀಕರ್ ಹಾಕಿ ಮೈಕಿನ ಪಕ್ಕ ಹಿಡಿದೆ.

"ಏನ್ಲಾ ಇನ್ನಾಸಿ" ಅಂತ ಕರೀಗೌಡನ ದನಿ ಮೈಕಿನಲ್ಲಿ ಸಭೆಯೆಲ್ಲ ತುಂಬಿತು. ಸಭೆ ಕಣ್ಣು ಬಿಟ್ಟಿತು.

"ಊಂ ಅನ್ನೋರಿಲ್ಲ ಕಣೋ. ಕತೆ ನಿಂತೋಯ್ತು."

"ನಾನು ಆಗ್ಲೇ ಯೋಳ್ನಿಲ್ವೇನ್ಲಾ. ಎಲ್ಲಿ ನಿಂತೈತೆ?"

"ಸಂತೇಲಿ. ಅವ್ಳು ಈಗಷ್ಟೇ ಬಂದವ್ಳೆ."

"ಓದು. ಇಲ್ಲಿ ಜನ ಅವ್ರೆ, ಬ್ಯಾಗ ಓದು."

ಓದಿದೆ. "ಊಂ" ಅಂತ ಕರೀಗೌಡ ಅಂದ. ಹಿಂದಿನಿಂದ ಕ್ಯಾನಿನ ಸದ್ದು ಬಂತು. ಮುಂದಿನ ವಾಕ್ಯ ತಾನಾಗೇ ಬಂತು. ಕೆಂಪಿಯನ್ನು ಒಬ್ಬ ದಲ್ಲಾಳಿ ಹಿಡಿದು ನಿಲ್ಲಿಸಿದ್ದಾನೆ. ಊಂ. ಕೊಂಬಿಗೆ ಹಸಿರು ಬಣ್ಣ ಬಳಿದಿದ್ದಾನೆ. "ಊಂ. ಅಯ್ಯೋ ನಿನ್ನ, ಡಿಗ್ರಿ ಇಲ್ಲ ಕಣವ್ವ ಈ ಆಲು, ನೀರ್ ಉಯ್ದಿದ್ದೀಯ ನೀನು. ಊಂ, ಓದ್ಲಾ." ಅದು ಡೈರಿಗೆ ಹಾಲು ತಂದವಳಿಗೆ ಅಂದದ್ದು. ಹೆನ್ನಿಯವರು ಗಾಬರಿಯಾಗಿ ಗುಂಡಿಯನ್ನು ಹಿಂದಕ್ಕೂ ಮುಂದಕ್ಕೂ ಒತ್ತಿ ಹುಡುಕಿದರು. ಈ ಮಾತಿಗೆ ಅವರ ಹತ್ತಿರ ಡಚ್ಚು ಇರಲಿಲ್ಲ. ಸಿಕ್ಕಿದ್ದು "ಪ್ರಿಯ ಹಸುವೇ, ನನಗೆ ಬೇಸರವಾಗಿದೆ." ಅದನ್ನೇ ಬಿಟ್ಟರು.

ಯಾರೋ ನಕ್ಕರು. ಸಮ್ಮೇಳನದಲ್ಲಿ ಅದು ಮೊದಲ ನಗು. ಯಾರೋ ಪೆಪ್ಪರ್‌ಮಿಂಟು ಕಡಿದ ಸದ್ದೂ ಕೇಳಿಸಿತು.

ಸಂತೆಯವರು ಸುತ್ತ ಸೇರಿದ್ದಾರೆ. ಈ ಹಸು ನಿನ್ನದು ಅನ್ನುವುದಕ್ಕೆ ಏನು ಗುರುತು ಅಂತ ಕೇಳುತ್ತಿದ್ದಾರೆ. ಊಂ. ಲೂರ್ದಮ್ಮನ ಹತ್ತಿರ ಗುರುತಿಲ್ಲ, ಬಾಯಿ ಮಾತ್ರ ಇದೆ. ಊಂ. ಸರಿ, ಕರೆ ಹಾಗಾದರೆ, ಅದು ಓಗೊಟ್ಟರೆ ನಿನ್ನದು ಅನ್ನುತ್ತಾರೆ. ಊಂ. ಲೂರ್ದಮ್ಮ ದೂರ ಹೋಗಿ ನಿಂತಳು. ಊರೂರು ಸುತ್ತಿ ಒಡೆದ ಗಂಟಲಲ್ಲಿ ಕರೆದಳು, "ಕೆಂಪೀ."

ಊಂ ಬರಲಿಲ್ಲ. ಫೋನು ನೋಡಿದೆ. ಪರದೆ ಕತ್ತಲಾಗಿತ್ತು. ಲೈನು ಹೋಗಿತ್ತು.

ಇನ್ನೊಂದು ಸಲ ಹಚ್ಚಿದೆ. ಹತ್ತಲಿಲ್ಲ. ಗೋಡೆಯ ಮೇಲೆ "ಕೆಂಪೀ" ಅನ್ನುವುದೊಂದೇ ನಿಂತಿತ್ತು. ಮುಂದಿನ ವಾಕ್ಯ ನನಗೆ ಗೊತ್ತು, ಬಾಯಲ್ಲಿ ಇದೆ, ಹೊರಗೆ ಬರುವುದಿಲ್ಲ. ಹೆನ್ನಿಯವರು ಗುಂಡಿಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡುತ್ತಿದ್ದರು. ಪುಸ್ತಕ ಹೋದರೆ ಹೋಯಿತು. ಅತ್ತೆಗೆ ಏನು ಹೇಳಲಿ?

ಆಗ ಮೂರನೇ ಸಾಲಿನಿಂದ ಒಂದು ಸದ್ದು ಬಂತು. ಗಂಟಲಿನದಲ್ಲ, ಇನ್ನೂ ಕೆಳಗಿನದು. ಕೊಟ್ಟಿಗೆಯಲ್ಲಿ ಕೂತು ಹಾಲು ಕರೆಯುವವರು ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಅನ್ನುತ್ತಾರಲ್ಲ, ಆ ಥರದ್ದು.

"ಊಂ."

ಗ್ರೀಟಜ್ಜಿ. ಪೆಪ್ಪರ್‌ಮಿಂಟನ್ನು ಕೈಯಲ್ಲಿ ಹಿಡಿದುಕೊಂಡಿದ್ದರು.

"ಕೆಂಪಿ ಕಿವಿ ನಿಮಿರಿಸಿತು" ಅಂತ ಓದಿದೆ.

"ಊಂ" ಅಂದರು. ಅವರ ಪಕ್ಕದವರೂ ಅಂದರು.

"ದಲ್ಲಾಳಿ ಹಗ್ಗ ಬಿಗಿ ಹಿಡಿದ. ಕೆಂಪಿ ದಲ್ಲಾಳಿಯನ್ನೂ ಎಳೆದುಕೊಂಡೇ ಬಂತು." ಎರಡು ಸಾಲು ಒಟ್ಟಿಗೆ ಊಂ ಅಂದಿತು. "ಬಂದು ಲೂರ್ದಮ್ಮನ ಮೂಗು ನೆಕ್ಕಿತು." ಇಡೀ ಸಭೆ ಊಂ ಅಂದಿತು, ಪೇಟದ ಕೆಳಗಿನಿಂದ ಹೆನ್ನಿಯವರೂ ಅಂದರು. ಅಲ್ಲಿಂದ ಕೊನೆಯವರೆಗೆ ನಾನು ಓದಿದೆನೋ ಅವರು ಎಳೆದುಕೊಂಡು ಹೋದರೋ ತಿಳಿಯದು. ಪಾಲಹಳ್ಳಿಯ ಗುಡಿಯ ಗಂಟೆ ಕೇಳುವ ತನಕ ಲೂರ್ದಮ್ಮ ಹಸುವನ್ನು ಬೈಯುತ್ತಾ ನಡೆದಳು, ಕೇಳಿದ ಮೇಲೆ ಸುಮ್ಮನಾದಳು. ಅಲ್ಲಿಗೆ ಕತೆ ಮುಗಿಯಿತು.

ಹೊರಗೆ ಹೆನ್ನಿಯವರು ಪೇಟ ತೆಗೆದು ಎರಡು ಕೈಯಲ್ಲಿ ಹಿಡಿದುಕೊಂಡು ಬಂದರು. ಹಣೆಯ ಮೇಲೆ ಮೂರು ದಿನದ ಬರೆ ಬಿದ್ದಿತ್ತು. "ನಿಮ್ಮ ಪುಸ್ತಕ ಹಾಕುತ್ತೇವೆ. ಆದರೆ ಇಬ್ಬರು ಬರೆದದ್ದು ಅಂತ ನೀವು ಮೊದಲೇ ತಿಳಿಸಬೇಕಿತ್ತು. ಇನ್ನೊಬ್ಬರ ಹೆಸರು ಹೇಗೆ ಬರೆಯುವುದು?"

ನಾನು ಕರೀಗೌಡ ಅಂತ ಬರೆದುಕೊಟ್ಟೆ.

ಮತ್ತೆ ಡೈರಿ ಜಗಲಿ

ಅತ್ತೆ ಬಾಗಿಲಲ್ಲೇ ಕಾದಿದ್ದರು. ಬ್ಯಾಗು ಇಳಿಸುವುದಕ್ಕೂ ಬಿಡದೆ, "ಅಸಾ ಬಂತಾ ಮಗಾ?" ಅಂದರು.

"ಬಂತು ಅತ್ತೆ. ಊರಿಗೆ ಸೇರಿಸಿ ಬಂದೆ."

"ಸರಿ ಬುಡು. ಕೈಕಾಲು ತೊಳ್ಕೊ."

ಸಂಜೆ ಡೈರಿಗೆ ಹೋದೆ. ಕರೀಗೌಡ ಹಾಲು ಅಳೆಯುತ್ತಿದ್ದ. ಪುಸ್ತಕದ ಮೇಲೆ ನಿನ್ನ ಹೆಸರೂ ಬರುತ್ತದೆ ಅಂದೆ.

"ನನ್ನೆಸ್ರು ಯಾಕ್ಲಾ? ನಾನೇನ್ ಮಾಡ್ದೆ? ಇಲ್ಲಿ ಕುಂತ್ಕಂಡು ಊಂ ಅಂದೆ."

"ಅದೂ ಅರ್ಧಕ್ಕೆ. ಕೆಂಪೀ ಅಂತ ಕರೆಯೋ ಹೊತ್ಗೆ ಲೈನು ಹೋಯ್ತು."

ಕರೀಗೌಡ ಅಳತೆಯನ್ನು ಕೆಳಗಿಟ್ಟ. "ಓಯ್ತಾ? ಯಾವಾಗ?"

"ಕರೆದ ತಕ್ಷಣ. ನಿನಗೆ ಗೊತ್ತಾಗಲಿಲ್ಲವಾ?"

"ನಂಗೆಂಗ್ ಗೊತ್ತಾಗ್ಬೇಕು? ಓದು ಅಂದ್ಬುಟ್ಟು ಫೋನು ಜೋಬಲ್ಲಿ ಮಡಿಕ್ಕಂಡೆ. ಈ ಕ್ಯಾನಿನ ಗಲಾಟೇಲಿ ಆಗ್ಲಿಂದ್ಲೂ ನಿನ್ ದನಿ ನೆಟ್ಟಗೆ ಕೇಳ್ನಿಲ್ಲ."

"ಕೇಳದೆ ಊಂ ಅಂದೆಯಾ?"

"ಆ ಕತೆಗೆ ಎಲ್ಲೆಲ್ಲಿ ಅನ್ಬೇಕು ಅಂತ ನಂಗೆ ಗೊತ್ತಿಲ್ವೇನ್ಲಾ" ಅಂದ. ಸ್ವಲ್ಪ ಮುಖ ಕೆಂಪಾಯಿತು. ಸರದಿಯಲ್ಲಿ ನಿಂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅವರಲ್ಲೊಬ್ಬಳು, "ಆವತ್ತು ನೀರಾಲು ಅಂತ ನನ್ನ ಬೈದ್ಮ್ಯಾಕೆ ಯಾರ್ದೂ ಆಲು ಅಳೀನಿಲ್ಲ ಕಣಣ್ಣ, ಕಣ್ಮುಚ್ಕಂಡು ಒಬ್ನೇ ಊಂ ಊಂ ಅಂತ ಕುಂತಿದ್ದ. ಗಾಳಿ ಮೆಟ್ಕಂಡೈತೆ ಅಂತ ನಾವೆಲ್ಲ ಚೊಂಬು ಇಡ್ಕಂಡು ನಿಂತಿದ್ದೋ" ಅಂದಳು.

"ಎಲ್ಲೀವರೆಗೂ ಅಂದೆ?" ಅಂತ ಕೇಳಿದೆ.

"ಗುಡಿ ಗಂಟೆ ಒಡಿಯೋಗಂಟ" ಅಂದ ಕರೀಗೌಡ. "ಅವ್ಳು ಊರಿಗೆ ಬಂದ್ಮ್ಯಾಕೆ ನಿಲ್ಲಿಸ್ದೆ."